ಎಲ್ಲಾ ನೋಡ್‌ಗಳೂ ರಿಲೇ ಮಾಡಬೇಕಾಗಿಲ್ಲ

ಪೆರ್ಲದ ಹತ್ತಿರ ಅಡಿಕೆ ತೋಟದಲ್ಲಿ ಒಂಬತ್ತು ಲೋರಾ ನೋಡ್ (ಕಡಿಮೆ ಶಕ್ತಿಯಲ್ಲಿ ದೂರ ಮುಟ್ಟುವ ಪುಟ್ಟ ರೇಡಿಯೋ), ಅವುಗಳಲ್ಲಿ ಮೆಶ್‌ಟಾಸ್ಟಿಕ್, ಅಂದರೆ ಮೆಸೇಜನ್ನು ಒಂದು ನೋಡ್‌ನಿಂದ ಇನ್ನೊಂದಕ್ಕೆ ದಾಟಿಸುವ (ರಿಲೇ ಮಾಡುವ) ಸಾಫ್ಟ್‌ವೇರ್. ಹಾಪ್ ಲಿಮಿಟ್ (ಒಂದು ಮೆಸೇಜ್ ಎಷ್ಟು ಸಲ ದಾಟಬಹುದು ಅನ್ನುವ ಮಿತಿ) 7ಕ್ಕೆ ಏರಿಸಿದ ಮೇಲೂ ಟ್ಯಾಂಕಿನ ಮೆಸೇಜ್ ಮನೆಗೆ ಬರುತ್ತಿಲ್ಲ, ಇದೇ ಅಲ್ವಾ ನಿಮ್ಮ ಪ್ರಶ್ನೆ?

ಮೊದಲು ಅದನ್ನು 3ಕ್ಕೆ ಇಳಿಸಿ. ಡೀಫಾಲ್ಟೂ ಅಷ್ಟೇ. ಚಾನೆಲ್ ಇರುವುದು ಒಂದೇ. ಕೇಳಿದವರೆಲ್ಲ ಮತ್ತೆ ಕೂಗಿದರೆ ಒಂದರ ಮೇಲೊಂದು ಬೀಳುತ್ತದೆ. ಇದಕ್ಕೆ 1999ರಷ್ಟು ಹಿಂದೆಯೇ ಸಂಶೋಧಕರು ಬ್ರಾಡ್‌ಕಾಸ್ಟ್ ಸ್ಟಾರ್ಮ್ ಅಂತ ಹೆಸರಿಟ್ಟಿದ್ದರು.

ಮೆಶ್‌ಟಾಸ್ಟಿಕ್ ಇದನ್ನು ತಡೆಯಲು ಒಂದು ಉಪಾಯ ಮಾಡಿದೆ. ಸಿಗ್ನಲ್ ಕ್ಷೀಣವಾಗಿ ಕೇಳಿಸಿದ ನೋಡ್ ಕಡಿಮೆ ಕಾಯುತ್ತದೆ, ಮೊದಲು ರಿಲೇ ಮಾಡುತ್ತದೆ. ಅದನ್ನು ಕೇಳಿಸಿಕೊಂಡ ಉಳಿದವು ಸುಮ್ಮನಾಗುತ್ತವೆ. ಕ್ಷೀಣ ಅಂದರೆ ದೂರ ಅನ್ನುವ ಲೆಕ್ಕ. ಬಯಲಿನಲ್ಲಿ ಸರಿ, ನಮ್ಮ ಗುಡ್ಡೆಗಳಲ್ಲಿ ಎಡವಟ್ಟು. ತಗ್ಗಿನ ಪಂಪ್ ಶೆಡ್ಡಿನ ನೋಡ್ ಹತ್ತಿರವೇ ಇರುತ್ತದೆ, ಆದರೆ ಕೆಂಪುಕಲ್ಲಿನ ಗೋಡೆಯ ಹಿಂದೆ ಅದಕ್ಕೆ ಸಿಗ್ನಲ್ ಕ್ಷೀಣವಾಗಿ ಕೇಳುತ್ತದೆ. ಅದೇ ಮೊದಲು ಕೂಗಿಬಿಡುತ್ತದೆ. ನಿಜವಾಗಿ ದಾಟಿಸಬೇಕಾದ ಗುಡ್ಡೆ ಮೇಲಿನ ನೋಡ್ ಬಾಯಿ ಮುಚ್ಚುತ್ತದೆ! ನಿಮ್ಮಲ್ಲೂ ಇದೇ ಆಗುತ್ತಿರಬೇಕು ಅಂತ ನನ್ನ ಅನುಮಾನ.

ಹಾಗಾಗಿ ತೋಟದೊಳಗಿನ ನೋಡ್‌ಗಳನ್ನೆಲ್ಲ 'ಕ್ಲೈಂಟ್ ಮ್ಯೂಟ್' ಮಾಡಿ. ತಮ್ಮ ಮೆಸೇಜ್ ಕಳಿಸುತ್ತವೆ, ಬೇರೆಯವರದ್ದು ರಿಲೇ ಮಾಡುವುದಿಲ್ಲ. ಗುಡ್ಡೆ ಮೇಲಿನದಕ್ಕೆ ಮಾತ್ರ 'ರೂಟರ್' ಕೊಡಿ, ಅದು ಬೇರೆಯವರು ಕೂಗಿದರೂ ಬಿಡದೆ ದಾಟಿಸುತ್ತದೆ. ತಗ್ಗಿನಲ್ಲಿರುವುದಕ್ಕೆ ರೂಟರ್ ಕೊಡಲೇಬೇಡಿ.

ಟೆಲಿಮೆಟ್ರಿಯ (ನೋಡ್ ತಾನಾಗಿ ಕಳಿಸುವ ಅಳತೆಗಳ) ಸಮಯದ ಅಂತರವನ್ನೂ ಜಾಸ್ತಿ ಮಾಡಿ, ಟ್ಯಾಂಕೇನು ನಿಮಿಷಕ್ಕೊಮ್ಮೆ ತುಂಬುವುದಿಲ್ಲವಲ್ಲ. ಆಮೇಲೂ ಸರಿಹೋಗದಿದ್ದರೆ ರೇಡಿಯೋದ ವೇಗ-ರೇಂಜ್ ಸೆಟ್ಟಿಂಗ್‌ನಲ್ಲಿ 'ಲಾಂಗ್ ಫಾಸ್ಟ್' ಬಿಟ್ಟು 'ಮೀಡಿಯಂ ಫಾಸ್ಟ್' ನೋಡಿ. ರೇಂಜ್ ಸ್ವಲ್ಪ ಕಮ್ಮಿಯಾಗುತ್ತದೆ, ಒಂದೊಂದು ಮೆಸೇಜ್ ಬೇಗ ಮುಗಿಯುತ್ತದೆ. ಬದಲಿಸಿದರೆ ಎಲ್ಲಾ ನೋಡ್‌ಗಳಲ್ಲೂ ಬದಲಿಸಬೇಕು.