ಜನಾಂಗೀಯ ಅಧ್ಯಯನಕ್ಕೆ ಚಿತ್ರೀಕರಣ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?
ಕ್ಯಾಮೆರಾಗಿಂತ ಮೊದಲು ಧ್ವನಿ ಕಲಿಯಿರಿ. ಚಿತ್ರ ತುಸು ಅಲುಗಾಡಿದರೆ ನೋಡುವವರು ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಇಡೀ ಸಂದರ್ಶನವೇ ದಂಡ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಸೆರಗು, ಸರ ಉಜ್ಜಿದರೆ ಕರಕರ ಸದ್ದು ಬರುತ್ತದೆ. ರೆಕಾರ್ಡರಿನ ಮೀಟರಿನಲ್ಲಿ ಧ್ವನಿಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಆಮೇಲೆ ಸರಿಪಡಿಸುವುದು ಕಷ್ಟ. ಹೆಡ್‌ಫೋನ್ ಇಲ್ಲದೆ ರೆಕಾರ್ಡ್ ಮಾಡಲೇಬೇಡಿ.

ಅಭ್ಯಾಸಕ್ಕೆ ಒಂದೇ ಕೆಲಸವನ್ನು ಪೂರ್ತಿ ಚಿತ್ರಿಸಿ: ಕುಂಬಾರರು ಮಣ್ಣು ತುಳಿಯುವುದರಿಂದ ಮಡಕೆ ತಟ್ಟುವವರೆಗೆ. ಹೊಸಬರು ಜೂಮ್ ಎಳೆದಾಡಿಯೇ ಕೆಡಿಸುವುದು! ಕೈ, ಮುಖ, ಇಡೀ ಅಂಗಳ, ಒಂದೊಂದು ಶಾಟನ್ನೂ 10 ಸೆಕೆಂಡಾದರೂ ಕದಲದೆ ಹಿಡಿಯಿರಿ. ಇಲ್ಲವಾದರೆ ಎಡಿಟಿಂಗ್‌ನಲ್ಲಿ ಕತ್ತರಿ ಹಾಕಲು ಜಾಗವೇ ಸಿಗದು. ಹೊರಡುವ ಮುನ್ನ ಯಾರೂ ಮಾತಾಡದ ಅಂಗಳದ ಸದ್ದನ್ನು 30 ಸೆಕೆಂಡು ರೆಕಾರ್ಡ್ ಮಾಡಿ. ಮಾತು ಕತ್ತರಿಸಿದ ಕಡೆ ಅದೇ ತೇಪೆ.