ರಪ್ಚರ್ ಡಿಸ್ಕ್‌ಗೂ ಸೇಫ್ಟಿ ವಾಲ್ವ್‌ಗೂ ನಡುವೆ ಪ್ರೆಶರ್ ಗೇಜ್ ಯಾಕೆ ಬೇಕು?

ರಪ್ಚರ್ ಡಿಸ್ಕ್ ಅಂದರೆ ರಿಯಾಕ್ಟರ್ ಒತ್ತಡ ಮಿತಿ ಮೀರಿದಾಗ ಒಡೆದು ದಾರಿ ಬಿಡುವ ತೆಳು ಹಾಳೆ; ಅದರ ಮುಂದಿರುವ ಸೇಫ್ಟಿ ವಾಲ್ವ್ ತಾನೇ ತೆರೆದು ಆ ಒತ್ತಡವನ್ನು ಹೊರಬಿಡುತ್ತದೆ. ಡಿಸ್ಕ್ ಒಡೆಯುವುದು ರಿಯಾಕ್ಟರ್ ಒತ್ತಡವೊಂದರಿಂದಲೇ ಅಲ್ಲ, ತನ್ನ ಎರಡೂ ಬದಿಯ ಒತ್ತಡದ ವ್ಯತ್ಯಾಸದಿಂದ. ಅಪಾಯ ಇರುವುದೇ ಇಲ್ಲಿ. ಡಿಸ್ಕ್‌ನಲ್ಲಿ ಸೂಜಿಮೊನೆಯಷ್ಟು ತೂತಾದರೂ ಸಾಕು, ಗ್ಯಾಸ್ ನಿಧಾನವಾಗಿ ನಡುವಿನ ಜಾಗದಲ್ಲಿ ತುಂಬಿಕೊಳ್ಳುತ್ತದೆ. 10 ಬಾರ್‌ಗೆ ಒಡೆಯಬೇಕಾದ ಡಿಸ್ಕ್ ಎಂದುಕೊಳ್ಳಿ. ನಡುವೆ 6 ಬಾರ್ ಸೇರಿದ್ದಾಗ ಒಳಗಿನ ಒತ್ತಡ ದಿಢೀರ್ ಏರಿದರೆ, 16 ಬಾರ್ ತಲುಪುವವರೆಗೂ ಅದು ಒಡೆಯುವುದಿಲ್ಲ! ಅಷ್ಟರಲ್ಲಿ ರಿಯಾಕ್ಟರ್ ಗತಿ ಏನು, ಅಲ್ವಾ?

ಅದಕ್ಕೇ ಅಲ್ಲಿ ಗೇಜ್ ಬೇಕು. ಇದ್ದರೆ ಸಾಲದು, ಪ್ರತಿ ಶಿಫ್ಟ್‌ನಲ್ಲೂ ಯಾರಾದರೂ ನೋಡಬೇಕು. ಮುಳ್ಳು ಸೊನ್ನೆಯಿಂದ ಮೇಲೆದ್ದಿದ್ದರೆ ಸುಮ್ನೆ ಗ್ಯಾಸ್ ಬಿಟ್ಟು ಮುಂದೆ ಹೋಗಬೇಡಿ. ಕ್ರಮವಾಗಿ ರಿಯಾಕ್ಟರ್ ನಿಲ್ಲಿಸಿ, ಡಿಸ್ಕ್ ಬದಲಾಯಿಸಿ. ಅದೇ ಲೈನ್‌ನಲ್ಲಿ ಐಸೊಲೇಷನ್ ವಾಲ್ವ್ (ಲೈನನ್ನೇ ಮುಚ್ಚಿಬಿಡುವ ವಾಲ್ವ್) ಇದೆಯೇ? ತೆರೆದ ಸ್ಥಿತಿಯಲ್ಲೇ ಬೀಗ ಹಾಕಿ, ಕೀಲಿ ಶಿಫ್ಟ್ ಇನ್‌ಚಾರ್ಜ್ ಹತ್ತಿರ ಇರಲಿ.