ಉಚಿತವೆಂದು ಕಲಿಸಿದ್ದಕ್ಕೆ ಹಣ ಕೇಳಿದರೆ ನಂಬುವುದು ಹೇಗೆ?

ಪ್ರಶ್ನೆ: ನಾನು ಸಣ್ಣದೊಂದು ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತೇನೆ. ನಮ್ಮ ಹನ್ನೆರಡು ಕಂಪ್ಯೂಟರ್‌ಗಳಲ್ಲೂ ಪತ್ರ, ಲೆಕ್ಕಪಟ್ಟಿ ಮಾಡುವ ಲಿಬ್ರೆಆಫೀಸ್ ಎಂಬ ಸಾಫ್ಟ್‌ವೇರ್ ಇದೆ. ಹಳೆಯ ವಿದ್ಯಾರ್ಥಿನಿಯೊಬ್ಬಳು ಮ್ಯಾಕ್ ಕೊಂಡು, ಆಪಲ್‌ನ ಆಪ್ ಸ್ಟೋರ್‌ನಲ್ಲಿ ಹಣ ಕೊಟ್ಟು ಅದನ್ನು ಹಾಕಿಸಿಕೊಂಡಿದ್ದಾಳೆ. "ಇದು ಫ್ರೀ ಎಂದಿದ್ದಿರಲ್ಲ ಸರ್?" ಎಂದು ಫೋನಿನಲ್ಲಿ ಕೇಳಿದಾಗ ಏನು ಹೇಳಬೇಕೆಂದು ತೋಚಲಿಲ್ಲ. ನಾಳೆ ನಮಗೂ ಹಣ ಕೇಳಿದರೆ ಗತಿಯೇನು? ಮಕ್ಕಳಿಗೆ ಇದನ್ನೇ ಕಲಿಸುತ್ತಾ ಹೋಗಲೇ?
– ಓದುಗರೊಬ್ಬರು, ಹಾಸನ

ಉತ್ತರ: ಕಲಿಸಿ, ಧೈರ್ಯವಾಗಿ ಕಲಿಸಿ. ನಿಮ್ಮ ಕೇಂದ್ರದಲ್ಲಿರುವ ಪ್ರತಿಗೆ ಯಾರೂ ಹಣ ಕೇಳುವುದಿಲ್ಲ. ಲಿಬ್ರೆಆಫೀಸ್‌ನ ಅಧಿಕೃತ ತಾಣದಲ್ಲಿ ಮ್ಯಾಕ್ ಪ್ರತಿಯೂ ಉಚಿತವಾಗಿಯೇ ಸಿಗುತ್ತದೆ. ಅದನ್ನು ನೋಡಿಕೊಳ್ಳುವ ಡಾಕ್ಯುಮೆಂಟ್ ಫೌಂಡೇಶನ್ 2022ರ ಸೆಪ್ಟೆಂಬರ್‌ನಲ್ಲಿ ಆಪ್ ಸ್ಟೋರ್‌ಗೆ ಬಂದು 8.99 ಯೂರೋ ಬೆಲೆ ಇಟ್ಟಿತು. ಅಂಗಡಿಯ ಪಾಲು ಕಳೆದು ಉಳಿದ ಹಣ ಆ ಸಾಫ್ಟ್‌ವೇರ್‌ನ ಕೆಲಸಕ್ಕೇ ಹೋಗುತ್ತದೆ.

ಇಂಗ್ಲಿಷಿನ 'ಫ್ರೀ' ಎಂಬ ಒಂದೇ ಪದ ಎರಡು ಅರ್ಥ ಹೊತ್ತಿದೆ. ನಮ್ಮಲ್ಲಿ ಅದಕ್ಕೆ 'ಮುಕ್ತ' ಮತ್ತು 'ಪುಕ್ಕಟೆ' ಎಂಬ ಎರಡು ಬೇರೆ ಪದಗಳಿದ್ದರೂ ಪಾಠ ಹೇಳುವಾಗ ನಾವೂ 'ಫ್ರೀ' ಎಂದೇ ಹೇಳಿ ಮುಂದೆ ಹೋಗುತ್ತೇವೆ. ಮುಕ್ತ ಸಾಫ್ಟ್‌ವೇರ್ ಚಳವಳಿ ಆರಂಭಿಸಿದ ರಿಚರ್ಡ್ ಸ್ಟಾಲ್‌ಮನ್ ಅವರೇ 1985ರಲ್ಲಿ ಇಮ್ಯಾಕ್ಸ್ ಎಂಬ ಪಠ್ಯ ತಿದ್ದುವ ಸಾಫ್ಟ್‌ವೇರ್ ತುಂಬಿದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ಕೊಂಡವರು ಅದನ್ನು ಪ್ರತಿ ಮಾಡಿ ಹಂಚಬಹುದಿತ್ತು, ತಿದ್ದಬಹುದಿತ್ತು. ಮಾರಾಟಕ್ಕೆ ಮುಕ್ತ ಲೈಸೆನ್ಸ್‌ಗಳಲ್ಲಿ ಅಂದೂ ಅಡ್ಡಿ ಇರಲಿಲ್ಲ, ಇಂದೂ ಇಲ್ಲ.

ಹಾಗಾದರೆ ನಂಬಿಕೆ ಮುರಿಯುವುದು ಎಲ್ಲಿ? ನನ್ನನ್ನು ಬಹಳ ಕಾಡಿದ್ದು ಸಿಂಪಲ್ ಮೊಬೈಲ್ ಟೂಲ್ಸ್‌ನ ಪ್ರಕರಣ. ಗ್ಯಾಲರಿ, ಕ್ಯಾಲೆಂಡರ್, ಸಂಪರ್ಕಗಳ ಪಟ್ಟಿ ಇತ್ಯಾದಿ ಆಂಡ್ರಾಯ್ಡ್ ಆಪ್‌ಗಳ ಗುಚ್ಛ ಅದು. ಜಾಹೀರಾತಿಲ್ಲ, ಬೇಡದ ಅನುಮತಿ ಕೇಳುವುದಿಲ್ಲ ಎಂಬುದೇ ಅದರ ಹೆಗ್ಗಳಿಕೆ. ಅದರ ಗ್ಯಾಲರಿ ಪ್ರೊ ಗೂಗಲ್ ಪ್ಲೇ ಸ್ಟೋರ್‌ನಲ್ಲಿ ದುಡ್ಡಿಗೆ ಸಿಗುತ್ತಿತ್ತು, ಮುಕ್ತ ಆಪ್‌ಗಳ ಅಂಗಡಿ ಎಫ್-ಡ್ರಾಯ್ಡ್‌ನಲ್ಲಿ ಉಚಿತವಾಗಿತ್ತು. ಜನ ಪ್ರೀತಿಯಿಂದ ಕೊಂಡುಕೊಂಡರು, ಬೆಲೆಯ ಬಗ್ಗೆ ತಕರಾರು ಏಳಲಿಲ್ಲ. 2023ರ ಕೊನೆಯಲ್ಲಿ ಅದರ ರೂವಾರಿ ಇಡೀ ಗುಚ್ಛವನ್ನು ಜಿಪೋಆಪ್ಸ್ ಎಂಬ ಕಂಪನಿಗೆ ಮಾರಿದರು. ವರ್ಷಗಟ್ಟಲೆ ಕೋಡ್ ಬರೆದುಕೊಟ್ಟವರನ್ನು, ಅನುವಾದ ಮಾಡಿಕೊಟ್ಟವರನ್ನು ಒಂದು ಮಾತು ಕೇಳಿರಲಿಲ್ಲ. ಮನೆಯವರ ಫೋಟೊಗಳನ್ನೆಲ್ಲ ತೆರೆದು ನೋಡಲು ಅನುಮತಿ ಪಡೆದಿದ್ದ ಆಪ್ ರಾತ್ರೋರಾತ್ರಿ ಬೇರೆಯವರ ಕೈಗೆ ಹೋಗಿತ್ತು, ಮುಂದಿನ ಅಪ್‌ಡೇಟ್ ಅವರ ಕಡೆಯಿಂದಲೇ ಬರಬೇಕಿತ್ತು. ಆ ಆತಂಕ ನ್ಯಾಯವಾದದ್ದೇ ಎಂದು ನಾನು ಇಂದಿಗೂ ಹೇಳುತ್ತೇನೆ. ಆದರೆ ಲೈಸೆನ್ಸ್ ಮುಕ್ತವಾಗಿದ್ದುದರಿಂದ ಅದೇ ಕೋಡ್ ಹಿಡಿದು ಕೆಲವರು ಫಾಸಿಫೈ ಎಂಬ ಹೆಸರಿನಲ್ಲಿ ಕೆಲಸ ಮುಂದುವರಿಸಿದರು. ಬಳಕೆದಾರರಿಗೆ ಹೋಗಲು ಒಂದು ದಾರಿ ಉಳಿಯಿತು.

ಸರ್ವರ್‌ಗಳಲ್ಲಿ ಸೆಂಟ್‌ಓಎಸ್ ಎಂಬ ಉಚಿತ ಲಿನಕ್ಸ್ ಬಳಸುತ್ತಿದ್ದವರ ಪೆಟ್ಟು ಇನ್ನೊಂದು ಬಗೆಯದು. ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆಂದು ನಂಬಿ ಸರ್ವರ್‌ಗಳನ್ನು ಬದಲಾಯಿಸಿಕೊಂಡವರಿಗೆ, 2021ರ ಕೊನೆಗೇ ಅದು ಮುಗಿಯುತ್ತದೆಂದು ಅದರ ಹಿಂದಿನ ಕಂಪನಿ ರೆಡ್ ಹ್ಯಾಟ್ 2020ರ ಡಿಸೆಂಬರ್‌ನಲ್ಲಿ ತಿಳಿಸಿತು. ಅಲ್ಲಿ ಯಾರೂ ಬಿಲ್ ಕಳುಹಿಸಲಿಲ್ಲ, ಆದರೂ ಜನ ಸಿಟ್ಟಾದರು. ಕೊಟ್ಟ ಅವಧಿಯನ್ನು ನಡುವೆಯೇ ಕಡಿದರೆ ಸಿಟ್ಟು ಬಾರದಿರುತ್ತದೆಯೇ?

ಆದ್ದರಿಂದ ಬೆಲೆಪಟ್ಟಿಗಿಂತ ಮೊದಲು ಹಕ್ಕು ಯಾರ ಕೈಯಲ್ಲಿದೆ ಎಂದು ನೋಡಿ. ಕೋಡ್ ಬರೆದುಕೊಟ್ಟವರೆಲ್ಲರಿಂದ ಒಪ್ಪಂದಕ್ಕೆ ಸಹಿ ಪಡೆದು ಹಕ್ಕನ್ನು ಒಂದೇ ಕಂಪನಿ ಇಟ್ಟುಕೊಂಡಿದ್ದರೆ, ಮುಂದಿನ ಆವೃತ್ತಿಯ ಲೈಸೆನ್ಸನ್ನು ಅದು ಒಂದೇ ದಿನದಲ್ಲಿ ಬದಲಿಸಬಲ್ಲದು. ಹ್ಯಾಶಿಕಾರ್ಪ್ ಕಂಪನಿ 2023ರ ಆಗಸ್ಟ್‌ನಲ್ಲಿ ಸರ್ವರ್‌ಗಳನ್ನು ಸಜ್ಜುಗೊಳಿಸುವ ತನ್ನ ಸಾಫ್ಟ್‌ವೇರ್ ಟೆರಾಫಾರ್ಮ್‌ಗೆ ಮಾಡಿದ್ದು ಅದನ್ನೇ. ಲಿಬ್ರೆಆಫೀಸ್‌ನಲ್ಲಿ ಕೋಡಿನ ಹಕ್ಕು ಬರೆದವರಲ್ಲೇ ಹಂಚಿಹೋಗಿದೆ. ಅದರ ಹುಟ್ಟೂ ಇಂಥದೇ ಭಯದಿಂದ ಆದದ್ದು: ಸನ್ ಕಂಪನಿಯನ್ನು ಒರೇಕಲ್ ಕೊಂಡ ಮೇಲೆ, ಸನ್ ನಡೆಸುತ್ತಿದ್ದ ಓಪನ್‌ಆಫೀಸ್ ಎಂಬ ಇಂಥದೇ ಸಾಫ್ಟ್‌ವೇರ್‌ನ ಭವಿಷ್ಯ ಏನಾಗುವುದೋ ಎಂದು ಸ್ವಯಂಸೇವಕರು 2010ರಲ್ಲಿ ಹೊರಬಂದು ಕಟ್ಟಿಕೊಂಡ ಮನೆ ಅದು. ಮುಂದಿನ ತರಗತಿಯಲ್ಲಿ ಸಹಾಯ ಮೆನು ತೆರೆದು ಲೈಸೆನ್ಸ್ ಮಾಹಿತಿಯನ್ನು ಮಕ್ಕಳಿಗೆ ತೋರಿಸಿ. ಐದು ನಿಮಿಷ ಸಾಕು.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಮಾರುವವರ ಹೆಸರನ್ನು ಓದದೆ ಹಣ ಕೊಡಬೇಡಿ. 2018ರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಫೌಂಡೇಶನ್‌ಗೆ ಸಂಬಂಧವೇ ಇಲ್ಲದ ಯಾರೋ ಲಿಬ್ರೆಆಫೀಸ್ ಮಾರಲು ಇಟ್ಟಿದ್ದರು. ನಿಮ್ಮ ವಿದ್ಯಾರ್ಥಿನಿಯ ರಸೀದಿಯಲ್ಲಿ ಡಾಕ್ಯುಮೆಂಟ್ ಫೌಂಡೇಶನ್ ಎಂದಿದ್ದರೆ ಆಕೆ ಮೋಸ ಹೋಗಿಲ್ಲ, ತಿಳಿಯದೆಯೇ ಒಂದು ಒಳ್ಳೆಯ ಕೆಲಸಕ್ಕೆ ನೆರವಾಗಿದ್ದಾಳೆ. ಆಕೆಗೆ ಡೇಟಾಬೇಸ್ ಕೆಲಸವೇನಾದರೂ ಇದ್ದರೆ ಮಾತ್ರ ತಾಣದಿಂದ ಉಚಿತ ಪ್ರತಿಯನ್ನೇ ಇಳಿಸಿಕೊಳ್ಳಲು ಹೇಳಿ. ಆಪ್ ಸ್ಟೋರ್‌ನ ಪ್ರತಿಯಲ್ಲಿ ಜಾವಾ ಎಂಬ ಪೂರಕ ಸಾಫ್ಟ್‌ವೇರ್ ಇಲ್ಲದ ಕಾರಣ ಡೇಟಾಬೇಸ್ ವಿಭಾಗವಾದ 'ಬೇಸ್'ನ ಕೆಲವು ಸೌಲಭ್ಯಗಳು ಅದರಲ್ಲಿ ಸಿಗುವುದಿಲ್ಲ.